ಬೇವಿನ ಗಿಡದ ಹತ್ತಿರ ನಿಲ್ಲಬೇಕಿದ್ದ ಗಾಡಿ

ಭಾನುವಾರ ಸಂಜೆ ಚಹಾದ ಹೊತ್ತಿಗೆ ನನ್ನ ಕಾರನ್ನು ನೋಡಲು ಗಿರಾಕಿ ಬರುವವನಿದ್ದ. ಕರೆದವರು ನನ್ನ ಗಂಡ. ಈ ಸುದ್ದಿಯನ್ನು ಅವರು ನನಗೆ ತಿಳಿಸಿದ್ದು ಶುಕ್ರವಾರ ಊಟಕ್ಕೆ ಕುಳಿತಾಗ, ಇನ್ನೊಂದು ರೊಟ್ಟಿ ಹಾಕು ಅನ್ನುವಷ್ಟೇ ಸಲೀಸಾಗಿ.

“ನಮ್ಮ ಭೀಮರಾಯನಗುಡಿ ಆಫೀಸಿನ್ಯಾಗ ಒಬ್ಬಾಂವ ಹಳೀ ಗಾಡಿ ಹುಡುಕಾಕತ್ತಾನ. ರವಿವಾರ ಬಂದು ನೋಡ್ಕೊಂಡು ಹೋಗು ಅಂದೀನಿ.”

“ಯಾರ ಗಾಡಿ?”

“ಇದ, ನಮ್ದ. ಮತ್ಯಾರದು?”

ನಮ್ಮದಂತೆ. ನಾನು ಓಡಿಸುವ, ನಾನು ತೊಳೆಯುವ, ನಾನೇ ಹೋಗಿ ಗಾಳಿ ತುಂಬಿಸಿಕೊಂಡು ಬರುವ ಕಾರು, ಮಾರುವ ಮಾತು ಬಂದ ಕೂಡಲೇ ನಮ್ಮದಾಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಚಾಕ್‌ಪೀಸ್ ಹಿಡಿಯುವ ರೀತಿ ನೋಡಿಯೇ ಶಾಲೆಯ ಮಕ್ಕಳು ಅದನ್ನು ಓದಬಲ್ಲರು. ಗಂಡ ಇಷ್ಟು ವರ್ಷವಾದರೂ ಓದಲು ಕಲಿತಿಲ್ಲ.

ಪೂರ್ತಿ ಅವರದೇ ತಪ್ಪು ಅನ್ನಲಾರೆ. ನಮ್ಮ ಮನೆ ಇರುವುದು ಸುರಪುರದಲ್ಲಿ, ಗುಡ್ಡದ ಮೈಮೇಲೆ. ಓಣಿ ಬಿಟ್ಟ ಕೂಡಲೇ ಇಳಿಜಾರು, ಅದರ ಕೊನೆಗೊಂದು ಬೇವಿನ ಗಿಡ, ಅಲ್ಲಿಂದ ಮುಂದೆ ದೊಡ್ಡ ರಸ್ತೆ. ಕೆಲವು ತಿಂಗಳಿಂದ ಬ್ರೇಕ್ ಒತ್ತಿದರೆ ಸ್ಟೇರಿಂಗು ಕೈಯಲ್ಲಿ ಜರಡಿ ಹಿಡಿದಂತೆ ನಡುಗುತ್ತಿತ್ತು. ಒಂದು ದಿನ ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟಾಗ ಅದೇ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಡಿ ತಲೆ ಅಲ್ಲಾಡಿಸುತ್ತ, ನಿಲ್ಲಲೋ ಬೇಡವೋ ಎಂದು ಯೋಚಿಸುತ್ತ, ಕಡೆಯ ಕುರಿಯ ಬಾಲದ ಹತ್ತಿರ ಹೋಗಿ ನಿಂತಿತು. ಗಂಡ ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ನಡೆದುಕೊಂಡೇ ಹೋದರು. ಆವತ್ತಿನಿಂದ ನನ್ನ ಗಾಡಿ ಹತ್ತಿರಲಿಲ್ಲ.

ಗ್ಯಾರೇಜಿಗೆ ಒಯ್ಯಲಿಲ್ಲವೇ ಅಂದರೆ, ಒಯ್ದಿದ್ದೆ. ಮೇಸ್ತ್ರಿ ಮೇಲಿಂದ ಮೇಲೆ ಪ್ಯಾಡು ಬದಲಿಸಿದ. ಚಕ್ರದ ಒಳಗೆ ತಟ್ಟೆಯಂತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ತುಂಡುಗಳೇ ಈ ಪ್ಯಾಡು. ಕಚ್ಚುವ ಹಲ್ಲು ಹೊಸದಾದರೂ ನಡುಕ ಹೋಗಲಿಲ್ಲ. ಹಾಗಾದರೆ ತಟ್ಟೆಯೇ ಸೊಟ್ಟಗಾಗಿರಬೇಕಲ್ಲ ಎಂದು ಕೇಳಿದರೆ, ಅವನು ನನ್ನ ತಲೆಯ ಮೇಲಿಂದ ರಸ್ತೆ ನೋಡುತ್ತ, “ಸರ್‌ನ ಕಳಸ್ರಿ ಅಕ್ಕೋರ, ಅವ್ರಿಗೆ ಹೇಳ್ತೀನಿ,” ಎಂದ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ಸರ್ ಅಂದರೆ ನನ್ನ ಗಂಡ. ಆ ಸರ್‌ಗೆ ಬಾನೆಟ್ಟು ಯಾವ ಕಡೆಯಿಂದ ತೆರೆಯುತ್ತದೆ ಎಂಬುದೂ ತಿಳಿಯದು.

ಈ ಕಾರು ಹೋದರೆ ನನ್ನದು ಏನು ಹೋಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಕಲಿಸುವ ಶಾಲೆ ಶಹಾಪುರದ ದಾರಿಯಲ್ಲಿ ಒಳಗಿನ ಒಂದು ಹಳ್ಳಿಯಲ್ಲಿದೆ. ಕಾರು ಬರುವ ಮುಂಚೆ ಬಸ್ಸು ಇಳಿದು, ಟಂಟಂ ಎಂಬ ಬಾಡಿಗೆ ಆಟೋಗೆ ಕಾದು, ಅದರ ಹಿಂದಿನ ಸರಳು ಹಿಡಿದು ಒಂಟಿ ಕಾಲಿನ ಮೇಲೆ ನಿಂತು ಹೋದವಳು ನಾನು. ಟಂಟಂನವನಿಗೆ ಮನಸ್ಸು ಬಂದರೆ ನನ್ನ ಪಾಠ ಶುರು, ಇಲ್ಲದಿದ್ದರೆ ಮಕ್ಕಳು ಬಯಲಲ್ಲಿ. ನಲವತ್ತು ದಾಟಿದ ಮೇಲೆ, ಓಣಿಯವರೆಲ್ಲ ಕಟ್ಟೆಯ ಮೇಲೆ ಕುಳಿತು ನಗುತ್ತಿರುವಾಗ ಗಾಡಿ ಕಲಿತೆ. ಅಲ್ಲಿಂದ ಮುಂದೆ ನಾನು ಯಾರ ಮನಸ್ಸನ್ನೂ ಕಾದಿಲ್ಲ. ಮತ್ತೆ ಕಾಯಲು ತಯಾರೂ ಇರಲಿಲ್ಲ.

“ಗಾಡಿ ನಾನ ರಿಪೇರಿ ಮಾಡ್ತೀನಿ,” ಎಂದೆ.

ಅನ್ನ ಕಲಸುತ್ತಿದ್ದ ಗಂಡನ ಕೈ ನಿಂತಿತು. “ನೀ?”

“ಹೌದ್ರಿ, ನಾನ. ರವಿವಾರ ಸಂಜೀಕ ಇಳಿಜಾರ ಇಳಿಸಿ ಬೇವಿನ ಗಿಡದ ಹಂತ್ಯಾಕ ನಡುಕಿಲ್ಲದ ನಿಲ್ಲಸ್ತೀನಿ. ನಿಂತ್ರ ಮಾರೂ ಮಾತು ಅಲ್ಲಿಗೇ ಮುಗೀತು. ನಿಲ್ಲಲಿಲ್ಲಂದ್ರ ಕೀಲಿಕೈ ನಿಮ್ಮ ಗಿರಾಕಿ ಕೈಯಾಗ ನಾನ ಕೊಡ್ತೀನಿ.”

ಅವರು ನಕ್ಕು ಒಪ್ಪಿದರು. ಈ ಕೆಲಸ ಆಗುವುದಿಲ್ಲ ಎಂಬ ಧೈರ್ಯದಿಂದ ಒಪ್ಪಿದ್ದು ಆ ನಗೆಯಲ್ಲೇ ಕಾಣುತ್ತಿತ್ತು. ಅಡುಗೆಮನೆಯ ಹೊಸ್ತಿಲ ಹತ್ತಿರ ಕುಳಿತಿದ್ದ ಅತ್ತೆ, “ಊರಿಗೆಲ್ಲಾ ಒಂದ ದಾರಿ ಆದ್ರ ಈಕೀಗಿ ಒಂದ ದಾರಿ,” ಎಂದರು. ಬೈದರೋ ಮೆಚ್ಚಿದರೋ ತಿಳಿಯಲಿಲ್ಲ. ಅತ್ತೆಯ ಮಾತೇ ಹಾಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನದ ಬಸ್ಸು ಹಿಡಿದು ಯಾದಗಿರಿಗೆ ಹೋದೆ. ಗಾಡಿ ಸಾಮಾನಿನ ಅಂಗಡಿಯ ಮಾಲೀಕರು ಬಿಳಿ ಗಡ್ಡದ ಹಿರಿಯರು. ಕಾರಿನ ಹೆಸರು, ವರ್ಷ ಕೇಳಿದ ಮೇಲೆ, “ಮೇಸ್ತ್ರಿ ಯಾರ್ರಿ ಬಾಯಿ?” ಎಂದರು.

“ನಾನ.”

ನಗಲು ಹೊರಟವರು ನನ್ನ ಮುಖ ನೋಡಿ ನಗುವನ್ನು ಕೆಮ್ಮಾಗಿ ತಿರುಗಿಸಿಕೊಂಡರು. “ಹಂಗಾದ್ರ ಪ್ಯಾಡ್ ಭೀ ಹೊಸಾವ ಹಾಕ್ರಿ. ಮತ್ತ ಡಿಸ್ಕಿನ ಮ್ಯಾಲೆ ಕಂಪನಿಯವ್ರು ಎಣ್ಣಿ ಹಚ್ಚಿರ್ತಾರ, ಜಂಗ್ ಹಿಡೀಬಾರ್ದಂತ. ಪೆಟ್ರೋಲ್‌ಲೇ ಪೂರಾ ವರಸ್ರಿ. ಎಣ್ಣಿ ಉಳದ್ರ ಬ್ರೇಕ್ ಹಿಡಿಯಂಗಿಲ್ಲ.”

ಮುಂದಿನ ಎರಡು ಚಕ್ರಕ್ಕೆ ಹೊಸ ಡಿಸ್ಕು, ಹೊಸ ಪ್ಯಾಡು ಕೊಂಡು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಪಕ್ಕದಲ್ಲಿ ಕುಳಿತ ಹೆಂಗಸು ಚೀಲವನ್ನು ಮುಟ್ಟಿ ನೋಡಿ, “ರೊಟ್ಟಿ ಹಂಚೇನ್ರೀ ಯಕ್ಕಾ? ಭಾಳ ದಪ್ಪ ಅದಾವಲ್ಲ,” ಎಂದಳು. ಹೌದೆಂದೆ. ಸುರಪುರ ಬರುವವರೆಗೂ ಯಾವ ಹಂಚಿನಲ್ಲಿ ರೊಟ್ಟಿ ಹೇಗೆ ಉಬ್ಬುತ್ತದೆ ಎಂಬ ಮಾತೇ ಆಯಿತು.

ಭಾನುವಾರ ಬೆಳಗಾಗುತ್ತಲೇ ಅಂಗಳದ ಫರಸಿ ಕಲ್ಲಿನ ಮೇಲೆ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಹೊಲದ ಕೆಲಸಕ್ಕೆ ಹೋಗುವ ಹೆಂಗಸರಂತೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟಿದ್ದೆ. ಟ್ರ್ಯಾಕ್ಟರ್ ಇಟ್ಟಿರುವ ಪಕ್ಕದ ಮನೆಯಿಂದ ಕಬ್ಬಿಣದ ಸ್ಟ್ಯಾಂಡು, ನಟ್ಟು ತಿರುಗಿಸುವ ಪಾನಾಗಳು, ಸುತ್ತಿಗೆ ತಂದಾಗಿತ್ತು. ಕೆಲಸ ಹೇಗೆ ಮಾಡಬೇಕೆಂದು ತೋರಿಸುವ ಒಬ್ಬ ಮನುಷ್ಯನ ವಿಡಿಯೋವನ್ನು ಮೊಬೈಲಿನಲ್ಲಿ ಕಣ್ಣು ನೋಯುವಷ್ಟು ಸಲ ನೋಡಿದ್ದೆ. ಅವನು ಯಾವ ದೇಶದವನೋ, ಅವನ ಭಾಷೆಯ ಒಂದಕ್ಷರವೂ ನನಗೆ ತಿಳಿಯದು. ಆದರೆ ಅವನ ಕೈ ಮಾಡುವುದು ಚೆನ್ನಾಗಿ ತಿಳಿಯುತ್ತಿತ್ತು.

ಗಾಡಿ ಎತ್ತುವ ಮುಂಚೆಯೇ ಚಕ್ರದ ನಟ್ಟು ಸಡಿಲಿಸಬೇಕು. ಕೈಗೆ ಬಗ್ಗಲಿಲ್ಲ. ಪಾನಾದ ಮೇಲೆ ಹತ್ತಿ ನಿಂತೆ. ಡಾಕ್ಟರು ಇಳಿಸಿ ಇಳಿಸಿ ಎಂದು ಬಡಿದುಕೊಳ್ಳುವ ನನ್ನ ಮೈಭಾರ ಅಂದು ಉಪಯೋಗಕ್ಕೆ ಬಂತು. ಆಮೇಲೆ ಜ್ಯಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಪ್ಯಾಡುಗಳನ್ನು ಹಿಡಿದುಕೊಂಡಿರುವ ಕ್ಯಾಲಿಪರ್ ಎಂಬ ಭಾರವಾದ ಹಿಡಿಕೆಯನ್ನು ಕಳಚಿದೆ. ಅದು ತನ್ನ ರಬ್ಬರ್ ಪೈಪಿನಿಂದ ಜೋತುಬೀಳಬಾರದು, ಮೇಲೆ ಕಟ್ಟಬೇಕು. ಹಗ್ಗ ಹುಡುಕುವಷ್ಟು ತಾಳ್ಮೆ ನನಗೆಲ್ಲಿಯದು? ತಂತಿಯ ಮೇಲೆ ಒಣಹಾಕಿದ್ದ ಲಂಗದ ಲಾಡಿ ಎಳೆದು ಕಟ್ಟಿದೆ.

ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ಗಂಡ, “ಇದು ಕಂಪನಿ ಸಾಮಾನೇನು?” ಎಂದರು.

“ಹೌದು. ಕಂಪನಿಯವ್ರು ನಿಮಗ ಕೊಡಂಗಿಲ್ಲಂತ.”

ಅತ್ತೆ ಒಳಗಿನಿಂದ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ನಗು ಅಲ್ಲಿಗೇ ನಿಂತಿತು, ಯಾಕೆಂದರೆ ಹಳೆಯ ಡಿಸ್ಕು ಹೊರಗೆ ಬರಲೊಲ್ಲದು. ವರ್ಷಗಟ್ಟಲೆ ಮಳೆ, ಧೂಳು ತಿಂದು ಹಿಂದಿನ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಸುತ್ತಿಗೆಯಿಂದ ಹೊಡೆದೆ. ತಿರುಗಿಸಿ ಹೊಡೆದೆ. ಬಿಸಿಲು ಅಂಗಳಕ್ಕೆ ಬಂತು, ಬೆವರು ಕಣ್ಣಿಗೆ ಇಳಿಯಿತು, ಗೋಡೆಯಾಚೆ ಓಣಿಯ ತಲೆಗಳು ಒಂದೊಂದಾಗಿ ಮೂಡಿದವು. ಗಂಡ ಪೇಪರಿನ ಹಾಳೆ ತಿರುವುತ್ತಿದ್ದ ಸದ್ದು ಕೂಡ ನನ್ನನ್ನು ಅಣಕಿಸುವಂತೆ ಕೇಳುತ್ತಿತ್ತು. ಸುತ್ತಿಗೆ ಬಿಸಾಕಿ ನೆಲದ ಮೇಲೆ ಕುಳಿತೆ. ಆಗಲೇ ಕಂಡಿದ್ದು ಡಿಸ್ಕಿನ ನಡುಭಾಗದಲ್ಲಿ ಧೂಳು ತುಂಬಿದ್ದ ಎರಡು ಸಣ್ಣ ತೂತು. ವಿಡಿಯೋದ ಮನುಷ್ಯ ಅವುಗಳನ್ನು ಬೆರಳಿನಿಂದ ತೋರಿಸಿ ಏನೋ ಹೇಳಿದ್ದ. ಸೂಜಿಯಿಂದ ಧೂಳು ತೆಗೆದು ನೋಡಿದರೆ ಒಳಗೆ ಬೋಲ್ಟು ಕೂರುವಂಥ ಸುರುಳಿ ಗೆರೆಗಳಿದ್ದವು.

ಪಕ್ಕದ ಮನೆಯ ಡಬ್ಬಿಯಲ್ಲಿ ಅಳತೆಗೆ ಸರಿಹೋಗುವ ಎರಡು ಬೋಲ್ಟು ಸಿಕ್ಕವು. ಒಂದನ್ನು ಅರ್ಧ ಸುತ್ತು, ಇನ್ನೊಂದನ್ನು ಅರ್ಧ ಸುತ್ತು, ಮತ್ತೆ ಮೊದಲಿನದು. ಬೋಲ್ಟುಗಳು ಹಿಂದಿನ ಕಬ್ಬಿಣವನ್ನು ಒದ್ದು ಡಿಸ್ಕನ್ನು ಮುಂದಕ್ಕೆ ತಳ್ಳತೊಡಗಿದವು. ‘ಟಪ್’ ಎಂಬ ಸದ್ದಾಯಿತು, ಡಿಸ್ಕು ನನ್ನ ಮಡಿಲಿಗೆ ಬಂದು ಬಿತ್ತು. ನಾನು ಕೂಗಿದ ಕೂಗಿಗೆ ಗೋಡೆಯ ಮೇಲಿನ ತಲೆಗಳು ಒಮ್ಮೆ ಕೆಳಗಿಳಿದು ಮತ್ತೆ ಮೇಲೆದ್ದವು. ಆ ತುಕ್ಕು ಹಿಡಿದ ತಟ್ಟೆಯನ್ನು ಎತ್ತಿ ಹಿಡಿದು ಗಂಡನಿಗೆ ತೋರಿಸಿದೆ. ಇನ್ನೊಂದು ಕಡೆಯದು ಪಾನಾ ಮುಟ್ಟಿದ ಕೂಡಲೇ ಬಂತು.

ಹೊಸ ಡಿಸ್ಕುಗಳನ್ನು ಪೆಟ್ರೋಲಿನಿಂದ ಒರೆಸಿ, ಕಟ್ಟೆಯ ಮೇಲೆ ಒಣಗಲು ಇಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಫಳಫಳ ಮಿಂಚುತ್ತಿದ್ದವು. ಅದು ನನ್ನ ಕೈಗುಣ ಎಂದುಕೊಂಡೆ. ಗ್ರೀಸು ಮೆತ್ತಿದ ಕೈಗವಸು ತೊಟ್ಟೇ ಎರಡನ್ನೂ ಕೂಡಿಸಿ, ಹೊಸ ಪ್ಯಾಡು ಹಾಕಿ, ಚಕ್ರ ಬಿಗಿದು, ಪೆಡಲು ಗಟ್ಟಿಯಾಗುವವರೆಗೆ ಕೂತಲ್ಲೇ ತುಳಿದೆ. ಎಲ್ಲವೂ ವಿಡಿಯೋದಲ್ಲಿ ಇದ್ದ ಹಾಗೆಯೇ ಆಗಿತ್ತು.

ಮೊದಲು ಓಣಿಯ ಸಪಾಟು ಜಾಗದಲ್ಲಿ ಮೆಲ್ಲಗೆ ಓಡಿಸಿದೆ. ಬ್ರೇಕ್ ಒತ್ತಿದರೆ ನಡುಕವಿಲ್ಲ. ಆದರೆ ಗಾಡಿ ನಿಲ್ಲಲೂ ಇಲ್ಲ, ಒಂದಿಷ್ಟು ಜಾರಿಕೊಂಡು ಹೋಗಿ ನಿಂತಿತು. ಹೊಸದಲ್ಲವೇ, ಪಳಗಲಿ ಎಂದು ಹಿಂದೆ ಮುಂದೆ ಮಾಡಿದೆ. ಪಳಗುವ ಬದಲು ಇನ್ನಷ್ಟು ಜಾರಿತು. ಕಡೆಗೊಮ್ಮೆ ಪೆಡಲನ್ನು ಪೂರ್ತಿ ತುಳಿದರೂ ಗಾಡಿ ತನ್ನ ಪಾಡಿಗೆ ತಾನು ಹೋಗಿ, ಮನೆ ಕಟ್ಟುತ್ತಿರುವವರ ಉಸುಕಿನ ರಾಶಿಗೆ ಮೂತಿ ತೂರಿಸಿತು. ಗಾಡಿಗಾಗಲಿ ಯಾರಿಗಾಗಲಿ ಏನೂ ಆಗಲಿಲ್ಲ. ನನ್ನ ಮಾನ ಮಾತ್ರ ಉಸುಕಿನಲ್ಲಿ ಹೂತುಹೋಯಿತು.

ಗಂಡ ಹತ್ತಿರ ಬಂದು, “ಸಾಕು ಬಿಡು. ಗಿರಾಕಿಗೆ ನಾ ಮಾತಾಡ್ತೀನಿ,” ಎಂದರು. ನಕ್ಕಿದ್ದರೆ ಜಗಳವಾಡಬಹುದಿತ್ತು. ಅವರು ಕನಿಕರದಿಂದ ಹೇಳಿದರು, ಅದೇ ನನ್ನನ್ನು ಸುಟ್ಟಿತು. ನಾಳೆಯಿಂದ ಮತ್ತೆ ಟಂಟಂನ ಸರಳು ಎಂದು ನೆನೆದು ಅಳು ಬಂತು.

ಅಷ್ಟರಲ್ಲಿ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಅತ್ತೆ ಹೊರಗೆ ಬಂದರು. ಮೂಗು ಮೇಲೆತ್ತಿ ಗಾಳಿ ಹಿಡಿದು, “ಯಾರ ಮನ್ಯಾಗ ಭಜಿ ಮಾಡಾಕತ್ತಾರ?” ಎಂದರು.

ನಿಜ, ಓಣಿಯಲ್ಲೆಲ್ಲ ಶೇಂಗಾ ಎಣ್ಣೆ ಕಾದ ವಾಸನೆ. ಸುತ್ತ ಯಾವ ಮನೆಯಲ್ಲೂ ಒಲೆ ಹತ್ತಿಸುವ ಹೊತ್ತಲ್ಲ ಅದು. ನಾನು ವಾಸನೆ ಹಿಡಿಯುತ್ತ ಬಗ್ಗಿದೆ, ಇನ್ನಷ್ಟು ಬಗ್ಗಿದೆ. ವಾಸನೆ ಬರುತ್ತಿದ್ದದ್ದು ನನ್ನ ಗಾಡಿಯ ಮುಂದಿನ ಚಕ್ರದಿಂದ.

“ಅತ್ತೀ! ಆ ಡಿಸ್ಕಿಗೇನರ ಹಚ್ಚೀರೇನು?”

“ಹಚ್ಚೀನಿ ಮತ್ತ. ಕಬ್ಬಿಣ ಒಣಾ ಒಣಾ ಇಟ್ಟು ಉಣ್ಣಾಕ ಹೋಗಿದ್ದಿ. ಹೊಸಾ ಹಂಚಿಗೆ, ಹೊಸಾ ಕುಡಕ್ಕ ಎಣ್ಣಿ ಕಾಣಸ್ಲಾರದ ಯಾರರ ಕೆಲಸಕ್ಕ ಹಚ್ತಾರೇನು? ಅರಬಿಲೇ ತೀಡಿ ತೀಡಿ ಹಚ್ಚೀನಿ. ಹಿಂದಿನ ಮಗ್ಗಲಿಗೆ ಇಬತ್ತಿನೂ ಇಟ್ಟೀನಿ.”

ಅತ್ತೆ ಬಳಿಚಕ್ರ ಎಂಬ ಊರಿನ ಒಕ್ಕಲು ಮನೆತನದವರು. ಅವರ ತವರಿನಲ್ಲಿ ನೇಗಿಲಿನ ಕುಡವಾಗಲಿ, ಕುಡುಗೋಲಾಗಲಿ, ರೊಟ್ಟಿಯ ಹಂಚಾಗಲಿ, ಮನೆಗೆ ಬಂದ ಹೊಸ ಕಬ್ಬಿಣ ಮೊದಲು ಎಣ್ಣೆ ಕುಡಿಯಬೇಕು, ಆಮೇಲೇ ಕೆಲಸಕ್ಕೆ ಇಳಿಯಬೇಕು. ಎಣ್ಣೆ ಕುಡಿಯದ ಕಬ್ಬಿಣ ಮನೆಯವರ ಮೈಗೇ ಬರುತ್ತದೆ ಎಂಬ ಅಂಜಿಕೆ ಬೇರೆ. ಅದನ್ನೆಲ್ಲ ನಾನು ಬಲ್ಲೆ. ಬಲ್ಲೆನಾದರೂ ಅಂದು ನನ್ನ ಬಾಯಿ ನಿಲ್ಲಲಿಲ್ಲ. ಇಡೀ ದಿನದ ದುಡಿಮೆಯನ್ನು ಎಣ್ಣೆಯಲ್ಲಿ ಕರಿದುಬಿಟ್ಟಿರಿ ಎಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದೆ. ಅತ್ತೆ ಎಣ್ಣೆ ಹಚ್ಚಿದ ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಆಗ ನನಗೆ ಹೊಳೆಯಿತು. ಗಂಡ ನಕ್ಕಿದ್ದರು, ಓಣಿ ಗೋಡೆ ಹತ್ತಿ ನೋಡಿತ್ತು. ಇಡೀ ದಿನದಲ್ಲಿ ನನ್ನ ಕೆಲಸಕ್ಕೆ ಒಳ್ಳೆಯದಾಗಲಿ ಎಂದು ಕೈಯಾಡಿಸಿದವರು ಈ ಮುದುಕಿಯೊಬ್ಬಳೇ.

“ಇರ್ಲಿ ಬಿಡ್ರಿ ಅತ್ತಿ. ಎಣ್ಣಿ ತಗದ್ರಾತು,” ಎಂದೆ. ನನ್ನ ದನಿ ನನಗೇ ಮೆತ್ತಗೆ ಕೇಳಿಸಿತು.

ಅವರು ಕೂಡಲೇ ಚಿಗುರಿಕೊಂಡರು. “ಎಣ್ಣಿ ಹೋಗಾಕ ಕಡ್ಲಿಹಿಟ್ಟು ತಿಕ್ಕಲೇನು?”

ಕೈಮುಗಿದು ಬೇಡವೆಂದೆ. ಕಡಲೆಹಿಟ್ಟೊಂದು ಬಿದ್ದಿದ್ದರೆ ಭಜಿ ಪೂರ್ತಿಯಾಗುತ್ತಿತ್ತು.

ಗಾಡಿಯನ್ನು ಅಂಗಳಕ್ಕೆ ತಳ್ಳಿಸಿಕೊಂಡು ಮತ್ತೆ ಜ್ಯಾಕ್ ಏರಿಸಿದೆ. ಡಿಸ್ಕು ತಣ್ಣಗಾಗುವವರೆಗೆ ಕಾಯಬೇಕಾಯಿತು, ಕಾಯುವುದು ನನಗೆ ಎಲ್ಲಕ್ಕಿಂತ ಕಷ್ಟ. ಪೆಟ್ರೋಲು ಮುಗಿದಿತ್ತು. ಗಂಡ ತಮ್ಮ ಬೈಕಿನಿಂದ ಒಂದು ಬಾಟಲಿ ಬಿಟ್ಟುಕೊಟ್ಟರು. ಸೋತವರ ಮೇಲೆ ತೋರುವ ಔದಾರ್ಯ ಅದು, ನಾನು ಬೇಡವೆನ್ನಲಿಲ್ಲ. ಬಟ್ಟೆ ಬದಲಿಸಿ ಬದಲಿಸಿ, ಒರೆಸಿದ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಎರಡೂ ಡಿಸ್ಕನ್ನು ತಿಕ್ಕಿದೆ. ಇಬತ್ತಿ, ಅಂದರೆ ವಿಭೂತಿ, ಇದ್ದದ್ದು ಡಿಸ್ಕಿನ ಹಿಂದೆ, ಪ್ಯಾಡು ಮುಟ್ಟದ ಜಾಗದಲ್ಲಿ. ಅದನ್ನು ಹಾಗೇ ಬಿಟ್ಟೆ.

ಹೊಸ ಪ್ಯಾಡುಗಳು ಎಣ್ಣೆ ಕುಡಿದು ಕೆಲಸಕ್ಕೆ ಬಾರದಂತಾಗಿದ್ದವು. ಆದರೆ ಬೆಳಿಗ್ಗೆ ನಾನು ಬಿಚ್ಚಿಟ್ಟವು ಗ್ಯಾರೇಜಿನ ಮೇಸ್ತ್ರಿ ಈಚೆಗಷ್ಟೇ ಹಾಕಿದ್ದ ಪ್ಯಾಡುಗಳು, ಹೆಚ್ಚೇನೂ ಸವೆದಿರಲಿಲ್ಲ. ನನ್ನ ಕಡೆ ನೋಡದೆ ಹಾಕಿದ ಆ ಪ್ಯಾಡುಗಳು ಈಗ ನನ್ನನ್ನೇ ಉಳಿಸಿದವು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಫರಸಿಯ ಮೇಲೆ ಉಸುಕಿನ ಕಾಗದ ಹಾಸಿ, ಪ್ಯಾಡಿನ ಮೈ ಸಮ ಆಗುವವರೆಗೆ ತೀಡಿದೆ. ಕ್ಯಾಲಿಪರನ್ನು ಮತ್ತೆ ಬಿಗಿಯುವಾಗ ಅತ್ತೆ ಕೈಯೊಡ್ಡಿ ಹಿಡಿದುಕೊಂಡರು. ಹಿಡಿಯುವ ಮುಂಚೆ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದಿದ್ದರು.

ಸಪಾಟು ಓಣಿಯಲ್ಲಿ ಮತ್ತೆ ಓಡಿಸಿ ನೋಡಿದೆ. ಹಿಡಿಯಿತು. ಇನ್ನೊಮ್ಮೆ ನೋಡಿದೆ, ಹಿಡಿಯಿತು. ಇನ್ನು ಉಳಿದದ್ದು ಇಳಿಜಾರು. ಗಿರಾಕಿ ಬಸ್ಸು ಇಳಿದಿದ್ದಾನೆಂದು ಫೋನು ಬಂದಿತ್ತು.

“ನೀವು ಕುಂದರ್ತೀರೇನು?” ಎಂದು ಗಂಡನನ್ನು ಕೇಳಿದೆ.

“ನಾ ಇಲ್ಲೇ ನಿಂತು ನೋಡ್ತೀನಿ.”

ಅತ್ತೆ ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಬಂದು ಮುಂದಿನ ಬಾಗಿಲು ತೆರೆದಿದ್ದರು. ಗಂಡ ಹೌಹಾರಿ, “ಯವ್ವಾ, ನೀ ಎಲ್ಲಿಗೆ? ಇಳಿ ಕೆಳಗ!” ಎಂದರು.

“ಎಣ್ಣಿ ಹಚ್ಚಿದಾಕಿ ನಾ. ನಾನ ಕುಂದರ್ತೀನಿ,” ಎಂದು ಅತ್ತೆ ಸೀಟಿನಲ್ಲಿ ಕಾಲು ಮಡಚಿ ಕುಳಿತುಬಿಟ್ಟರು. ಕಾಲು ಕೆಳಗೆ ಬಿಡಿಸಿ ಬೆಲ್ಟು ಹಾಕಿದೆ. “ನಡಿ ಯವ್ವಾ,” ಎಂದರು.

ಇಳಿಜಾರಿನ ತಲೆಯಲ್ಲಿ ಒಮ್ಮೆ ನಿಲ್ಲಿಸಿ, ಸ್ಟೇರಿಂಗನ್ನು ಬಿಗಿಯಾಗಿ ಹಿಡಿದೆ. ಗಾಡಿ ಇಳಿಯಿತು. ಮೆಲ್ಲಗೆ ಒತ್ತಿದೆ, ವೇಗ ತಗ್ಗಿತು. ಬಿಟ್ಟೆ, ಓಡಿತು. ಕುರಿಹಿಂಡು ಅಡ್ಡ ಬಂದಿದ್ದ ಜಾಗ ದಾಟಿತು. ಬೇವಿನ ಗಿಡ ಹತ್ತಿರ ಹತ್ತಿರ ಬಂತು. ಆಗ ಕಾಲು ಊರಿ ಒತ್ತಿದೆ. ಗಾಡಿ ತಲೆ ಅಲ್ಲಾಡಿಸಲಿಲ್ಲ, ಜಾರಲಿಲ್ಲ, ಗಿಡದ ನೆರಳಿನಲ್ಲಿ ಗಟ್ಟಿಯಾಗಿ ನಿಂತುಬಿಟ್ಟಿತು. ಸ್ಟೇರಿಂಗು ನನ್ನ ಕೈಯಲ್ಲಿ ಸುಮ್ಮನೆ ಇತ್ತು.

“ಗೆದ್ವಿ ಅತ್ತಿ! ಗೆದ್ವಿ!” ಎಂದು ಸ್ಟೇರಿಂಗಿಗೆ ಹೊಡೆದೆ. ಹಾರನ್ ಕೂಗಿತು. ಕನ್ನಡಿಯಲ್ಲಿ ನೋಡಿದರೆ ಇಳಿಜಾರಿನ ತಲೆಯಲ್ಲಿ ಗಂಡ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು, ಅವರ ಪಕ್ಕದಲ್ಲಿ ಚೀಲ ಹಿಡಿದ ಒಬ್ಬ ಮನುಷ್ಯ. ಅವರಿಬ್ಬರ ಮುಖ ನೋಡುವ ಆಸೆಗೆ ಗಾಡಿ ತಿರುಗಿಸಲು ಹೋದೆ. ಅತ್ತೆ ನನ್ನ ಮೊಣಕೈ ಹಿಡಿದರು.

“ಮ್ಯಾಲೆ ಹೋಗಿ ಏನ್ ಮಾಡೂದದ? ವನದುರ್ಗದಾಗ ನಮ್ಮಕ್ಕ ಅದಾಳ. ಕರ್ಕೊಂಡು ಹೋಗ್ತೀನಿ, ಕರ್ಕೊಂಡು ಹೋಗ್ತೀನಿ ಅಂತ ನಿನ್ನ ಗಂಡ ಹೇಳ್ಕೋತನ ಬಂದಾನ. ಇವತ್ತ ಗಾಡಿನೂ ಅದ, ಬ್ರೇಕೂ ಅದ. ನಡಿ.”

ಮೈಮೇಲೆ ಗಂಡನ ಅಂಗಿ, ಕೈಗೆಲ್ಲ ಕರಿ. ಇರಲಿ ಎಂದು ದೊಡ್ಡ ರಸ್ತೆಗೆ ತಿರುಗಿಸಿದೆ. ಊರು ದಾಟುವಷ್ಟರಲ್ಲಿ ಅತ್ತೆಯ ಸೊಂಟದಲ್ಲಿದ್ದ ಫೋನು ಹೊಡೆದುಕೊಂಡಿತು. ಅವರಿಗೆ ಕಿವಿ ಮಂದ, ಹೀಗಾಗಿ ಆಚೆಯವರ ಮಾತೂ ಗಾಡಿ ತುಂಬ ಕೇಳುತ್ತದೆ.

“ಯವ್ವಾ, ನಿಂತಿದ್ದು ಕಂಡೆ,” ಎಂದಿತು ನನ್ನ ಗಂಡನ ದನಿ. “ಆತು, ಗಾಡಿ ಮಾರೂದಿಲ್ಲ. ಆದ್ರ ಎಲ್ಲಿಗೆ ಹೊಂಟೀರಿ ನೀವು? ಗಿರಾಕಿ ಬಂದು ಕುಂತಾನ, ನಾ ಏನಂತ ಹೇಳ್ಲಿ?”

“ಗಾಡಿ ಊರಿಗೆ ಹೋಗ್ಯಾದಂತ ಹೇಳು,” ಎಂದರು ಅತ್ತೆ. “ಚಾ ಮಾಡಿ ಕೊಟ್ಟು ಕಳಸು. ಸಕ್ರಿ ಮ್ಯಾಲಿನ ಡಬ್ಬ್ಯಾಗ ಅದ.”

ನನಗೆ ನಗು ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ರಸ್ತೆ ಕಾಣದಂತಾಯಿತು, ಗಾಡಿಯನ್ನು ಬದಿಗೆ ನಿಲ್ಲಿಸಲೇಬೇಕಾಯಿತು. ಬ್ರೇಕ್ ಒತ್ತಿದೆ. ನಿಂತಿತು.